ನಿಮ್ಮ ಪೇಸ್ಲಿಪ್‌ನಲ್ಲಿ ‘ವೇತನ’ ಎಷ್ಟು? ಹೊಸ ಲೇಬರ್ ಕೋಡ್ ಮತ್ತು ಕೆಲಸ ಬಿಡುವ ದಿನದ ಲೆಕ್ಕ



ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ. ‘ವೇತನ’. ತಿಂಗಳ ಕೊನೆಗೆ ಬ್ಯಾಂಕಿಗೆ ದುಡ್ಡು ಬೀಳುತ್ತೆ, ಫೋನಿಗೆ ಮೆಸೇಜ್ ಬರುತ್ತೆ, ಅದರಲ್ಲಿ ಮಾತಾಡೋಕೆ ಏನಿದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 2021ರಲ್ಲಿ ಪುಣೆಯ ಕೆಲಸ ಬಿಟ್ಟು ಹೈದರಾಬಾದಿಗೆ ಹೊರಟಾಗ ಗೊತ್ತಾಯ್ತು.

ಆ ಕಂಪನಿಯಲ್ಲಿ ನಾನು ಐದು ವರ್ಷ ಎಂಟು ತಿಂಗಳು ಇದ್ದೆ. ರಾಜೀನಾಮೆ ಕೊಟ್ಟ ಮೇಲೆ ಕೊನೇ ತಿಂಗಳ ಸಂಬಳ ತಡೆಹಿಡಿದರು. "ಫುಲ್ ಅಂಡ್ ಫೈನಲ್ ಜೊತೆ ಬರುತ್ತೆ" ಅಂದರು. ಯಾವಾಗ ಅಂದರೆ "ಪ್ರೋಸೆಸ್‌ನಲ್ಲಿದೆ" ಅಂದರು. ಈ ಕಡೆ ಗಚ್ಚಿಬೌಲಿ ಹತ್ತಿರ ಮನೆ ನೋಡಿದ್ದೆ, ಮಾಲೀಕರಿಗೆ ಎರಡು ತಿಂಗಳ ಅಡ್ವಾನ್ಸ್ ಕೊಡಬೇಕಿತ್ತು. ಪುಣೆ ಮನೆಯ ಡಿಪಾಸಿಟ್ ಇನ್ನೂ ವಾಪಸ್ ಬಂದಿರಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿರೋ ಭಾವನಿಗೆ ಫೋನ್ ಮಾಡಿ ದುಡ್ಡು ತಗೊಂಡೆ. ಹತ್ತು ವರ್ಷ ಐಟಿಯಲ್ಲಿ ದುಡಿದವನು ಮನೆ ಅಡ್ವಾನ್ಸ್‌ಗೆ ಭಾವನ ಹತ್ತಿರ ಕೇಳೋದು ಅಂದ್ರೆ ಹೇಗಿರುತ್ತೆ, ಕೇಳಿದವರಿಗೇ ಗೊತ್ತು.

ಐವತ್ತೆರಡನೇ ದಿನ ದುಡ್ಡು ಬಂತು. ಆ ಐವತ್ತೆರಡು ದಿನದಲ್ಲಿ ಎಚ್‌ಆರ್‌ಗೆ ಬರೆದ ಮೇಲ್‌ಗಳನ್ನ ಈಗ ತೆಗೆದು ಓದಿದರೆ ನಾಚಿಕೆ ಆಗುತ್ತೆ. ಎಲ್ಲ "ದಯವಿಟ್ಟು, ದಯವಿಟ್ಟು" ಅನ್ನೋ ಮೇಲ್‌ಗಳು. ಯಾವ ಕಾನೂನಿನ ಪ್ರಕಾರ ಕೇಳ್ತಾ ಇದ್ದೀನಿ ಅಂತ ಬರೆಯೋಕೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಗ ದೊಡ್ಡ ಪ್ರಯೋಜನ ಇರಲಿಲ್ಲ. ಈಗ ಇದೆ. ಅದಕ್ಕೇ ಈ ಮಾತು.

ಏನು ಬದಲಾಯ್ತು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನ ಜಾರಿಗೆ ತಂತು. ನಾವು ಆಫೀಸಿನಲ್ಲಿ ‘ಲೇಬರ್ ಕೋಡ್’ ಅಂತೀವಲ್ಲ, ಅದೇ. ವೇತನ ಸಂಹಿತೆ 2019ರದ್ದು. ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ – ಈ ಮೂರೂ 2020ರವು. ಸಂಸತ್ತಿನಲ್ಲಿ ಪಾಸಾಗಿ ಐದಾರು ವರ್ಷ ಕಪಾಟಿನಲ್ಲೇ ಇದ್ದವು. ಹಳೆಯ 29 ಕಾನೂನುಗಳ ಜಾಗಕ್ಕೆ ಈಗ ಈ ನಾಲ್ಕು ಬಂದಿವೆ.

ಇದರಲ್ಲಿ ಕಾರ್ಖಾನೆಯವರಿಗೆ, ಗಿಗ್ ಕೆಲಸದವರಿಗೆ, ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ್ದು ಬಹಳ ಇದೆ. ಅದು ಇನ್ನೊಂದು ದಿನದ ಮಾತು. ಊರು ಬಿಟ್ಟು ಬಂದು ಐಟಿಯಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಮುಖ್ಯವಾಗಿ ಎರಡು ವಿಷಯ: ‘ವೇತನ’ ಅಂದರೆ ಏನು ಅನ್ನೋ ವ್ಯಾಖ್ಯೆ, ಮತ್ತು ಕೆಲಸ ಬಿಟ್ಟಾಗ ದುಡ್ಡು ಎಷ್ಟು ದಿನದಲ್ಲಿ ಬರಬೇಕು ಅನ್ನೋದು.

ಐವತ್ತು ಪರ್ಸೆಂಟ್ ಲೆಕ್ಕ

ಮೊದಲು ಒಂದೊಂದು ಕಾನೂನಿನಲ್ಲಿ ವೇತನಕ್ಕೆ ಒಂದೊಂದು ಅರ್ಥ ಇತ್ತು. 1972ರ ಗ್ರಾಚುಟಿ ಕಾಯ್ದೆಯಲ್ಲಿ ವೇತನ ಅಂದರೆ ಬೇಸಿಕ್ ಮತ್ತು ಡಿಎ. ಖಾಸಗಿ ಐಟಿ ಕಂಪನಿಯಲ್ಲಿ ಸಾಮಾನ್ಯವಾಗಿ ಡಿಎ ಇರಲ್ಲ, ಅಂದ್ರೆ ಬರೀ ಬೇಸಿಕ್. ಹಾಗಾಗಿ ಕಂಪನಿಗಳು ಬೇಸಿಕ್ ಕಡಿಮೆ ಇಟ್ಟು ಉಳಿದದ್ದನ್ನ ಅಲೊವನ್ಸ್‌ಗಳಲ್ಲಿ ಹಂಚಿದವು. ನಮಗೂ ಅದು ಚೆನ್ನಾಗೇ ಕಾಣ್ತಿತ್ತು, ಯಾಕಂದ್ರೆ ಕೈಗೆ ಜಾಸ್ತಿ ಬರ್ತಿತ್ತು.

ಈಗಿನ ವ್ಯಾಖ್ಯೆ ಹೀಗೆ ಸಾಗುತ್ತೆ. ಮೊದಲು ಎಲ್ಲ ಸಂಭಾವನೆಯೂ ವೇತನ ಅನ್ನುತ್ತೆ. ಆಮೇಲೆ ಕೆಲವನ್ನ ಪಟ್ಟಿ ಮಾಡಿ ಹೊರಗಿಡುತ್ತೆ: ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಕಂಪನಿ ಕಟ್ಟುವ ಪಿಎಫ್ ಪಾಲು, ಓವರ್‌ಟೈಮ್, ಕಮಿಷನ್, ಕಾನೂನುಬದ್ಧ ಬೋನಸ್ ಇಂಥವು. ಕೊನೆಗೆ ಒಂದು ಷರತ್ತು: ಹೀಗೆ ಹೊರಗಿಟ್ಟವು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದ ಭಾಗವನ್ನ ಮತ್ತೆ ವೇತನಕ್ಕೇ ಸೇರಿಸಬೇಕು.

ನನ್ನ ಹಳೇ ಪೇಸ್ಲಿಪ್ಪನ್ನೇ ಇಟ್ಟುಕೊಂಡು ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ಒಟ್ಟು ಮೊತ್ತವನ್ನ 1,00,000 ರೂಪಾಯಿ ಅಂತ ಮಾಡಿಕೊಂಡಿದ್ದೀನಿ.

ಬೇಸಿಕ್ – 35,000
ಮನೆ ಬಾಡಿಗೆ ಭತ್ಯೆ – 17,500
ಓಡಾಟದ ಭತ್ಯೆ – 5,800
ಕಂಪನಿಯ ಪಿಎಫ್ ಪಾಲು – 4,200
ಸ್ಪೆಷಲ್ ಅಲೊವನ್ಸ್ – 37,500

ಹಳೇ ಲೆಕ್ಕದಲ್ಲಿ ಗ್ರಾಚುಟಿಗೆ ವೇತನ ಅಂದರೆ 35,000 ಮಾತ್ರ. ಸೂತ್ರ ನಿಮಗೆ ಗೊತ್ತಿರಬಹುದು: ವೇತನವನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸೋದು. ಆರು ತಿಂಗಳು ದಾಟಿದ್ದರೆ ಅದನ್ನೂ ಒಂದು ವರ್ಷ ಅಂತ ಹಿಡಿಯಬೇಕು, ಹಾಗಾಗಿ ನನ್ನದು ಆರು ವರ್ಷ. ಬಂದದ್ದು ಸುಮಾರು 1,21,154. ಕಂಪನಿ ಇಲ್ಲಿ ಏನೂ ಮೋಸ ಮಾಡಿರಲಿಲ್ಲ. ಆಗಿನ ಕಾನೂನೇ ಅಷ್ಟು.

ಹೊಸ ವ್ಯಾಖ್ಯೆಯಲ್ಲಿ, ಬೇಸಿಕ್ ಬಿಟ್ಟು ಉಳಿದ 65,000 ಎಲ್ಲವೂ ಹೊರಗೆ ಅಂತ ಇಟ್ಟುಕೊಂಡರೂ ಅದು ಅರ್ಧಕ್ಕಿಂತ 15,000 ಜಾಸ್ತಿ. ಆ 15,000 ವಾಪಸ್ ಸೇರಿ ವೇತನ 50,000 ಆಗುತ್ತೆ. ಗ್ರಾಚುಟಿ ಸುಮಾರು 1,73,077.

ಆದರೆ ಪಟ್ಟಿಯನ್ನ ಇನ್ನೊಂದು ಸಲ ಓದಿ. ಅದರಲ್ಲಿ ಮನೆ ಬಾಡಿಗೆ ಇದೆ, ಓಡಾಟ ಇದೆ, ಪಿಎಫ್ ಇದೆ. ‘ಸ್ಪೆಷಲ್ ಅಲೊವನ್ಸ್’ ಅನ್ನೋ ಹೆಸರು ಇಲ್ಲ. ಹೊರಗಿಡಬೇಕಾದವು ಬರೀ 17,500, 5,800, 4,200 – ಒಟ್ಟು 27,500. ಅರ್ಧ ದಾಟಲೇ ಇಲ್ಲ. ಹಾಗೆ ಓದಿದರೆ ವೇತನ 72,500, ಗ್ರಾಚುಟಿ ಸುಮಾರು 2,50,962. ನನಗೆ ಸಿಕ್ಕಿದ್ದಕ್ಕಿಂತ ಎರಡು ಪಟ್ಟು ಜಾಸ್ತಿ.

ಎಲ್ಲ ಕಂಪನಿಗಳೂ ಹೀಗೇ ಓದುತ್ತವೆ ಅಂತ ನಾನು ಹೇಳ್ತಾ ಇಲ್ಲ. ಬಹಳ ಕಡೆ "ಐವತ್ತು ಪರ್ಸೆಂಟ್ ಮಾಡಿದ್ದೀವಿ, ಮುಗೀತು" ಅಂತಾರೆ. ಆದರೆ ಕಾನೂನಿನ ಪಠ್ಯದಲ್ಲಿ ಐವತ್ತು ಅನ್ನೋದು ನೆಲ, ಚಾವಣಿ ಅಲ್ಲ. ಹೆಸರು ಬದಲಿಸಿದ ಮಾತ್ರಕ್ಕೆ ಒಂದು ಮೊತ್ತ ವೇತನದಿಂದ ಹೊರಗೆ ಹೋಗಲ್ಲ ಅನ್ನೋದು ಹೊಸ ಮಾತೂ ಅಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಪಿಎಫ್ ಪ್ರಕರಣಗಳಲ್ಲಿ, ಎಲ್ಲರಿಗೂ ಒಂದೇ ಥರ ಕೊಡುವ ಸ್ಪೆಷಲ್ ಅಲೊವನ್ಸನ್ನ ಬೇಸಿಕ್ ಜೊತೆಗೇ ಲೆಕ್ಕ ಹಾಕಬೇಕು ಅಂತ ಹೇಳಿತ್ತು. ಹೊಸ ವ್ಯಾಖ್ಯೆಯ ಮೇಲೂ ಮುಂದೆ ಕೋರ್ಟಿನಲ್ಲಿ ವಾದ ಆಗೇ ಆಗುತ್ತೆ.

ಈ ದುಡ್ಡು ಯಾರ ಜೇಬಿನಿಂದ?

ಕಂಪನಿಗಳು ಇದನ್ನ ಗಂಭೀರವಾಗಿ ತಗೊಂಡಿವೆ ಅನ್ನೋದಕ್ಕೆ ಅವರದೇ ಲೆಕ್ಕಪತ್ರ ಸಾಕ್ಷಿ. 2025ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಟಿಸಿಎಸ್ 2,128 ಕೋಟಿ ರೂಪಾಯಿ, ಇನ್ಫೋಸಿಸ್ 1,289 ಕೋಟಿ ರೂಪಾಯಿ ಲೇಬರ್ ಕೋಡ್ ಹೊರೆ ಅಂತ ಒಂದೇ ಸಲ ತೋರಿಸಿದವು. ಗ್ರಾಚುಟಿಯನ್ನ ಕೊನೇ ವೇತನದ ಮೇಲೆ ಇಡೀ ಸರ್ವಿಸಿಗೆ ಲೆಕ್ಕ ಹಾಕೋದರಿಂದ, ವೇತನದ ಅರ್ಥ ಬದಲಾದ ಕೂಡಲೇ ಹಿಂದಿನ ವರ್ಷಗಳ ಬಾಕಿಯೂ ಬೆಳೆಯುತ್ತೆ. ಅದಕ್ಕೇ ಈ ದೊಡ್ಡ ಮೊತ್ತ.

ಅದು ಹಿಂದಿನ ವರ್ಷಗಳ ಮಾತು. ಮುಂದಿನದಕ್ಕೆ ನಿಮ್ಮ ಸಿಟಿಸಿ ಪತ್ರ ತೆಗೆದು ನೋಡಿ. ಬಹಳಷ್ಟು ಕಡೆ ಅದರಲ್ಲಿ ಗ್ರಾಚುಟಿಗೂ ಒಂದು ಸಾಲು ಇರುತ್ತೆ, ಬೇಸಿಕ್‌ನ ಶೇ. 4.81. ಹದಿನೈದು ಬಾಗಿಸು ಇಪ್ಪತ್ತಾರು, ಅದನ್ನ ಹನ್ನೆರಡರಿಂದ ಭಾಗಿಸಿದರೆ ಬರೋದು ಅದೇ. 35,000ಕ್ಕೆ ತಿಂಗಳಿಗೆ 1,683 ರೂಪಾಯಿ. ವೇತನ 50,000 ಆದರೆ 2,404. 72,500 ಆದರೆ 3,486. ಸಿಟಿಸಿ ಹಾಗೇ ಇಟ್ಟು ಈ ಸಾಲು ಮಾತ್ರ ದೊಡ್ಡದು ಮಾಡಿದರೆ, ಆ ವ್ಯತ್ಯಾಸ ನಿಮ್ಮ ಬೇರೆ ಯಾವುದೋ ಸಾಲಿನಿಂದ ಹೋಗುತ್ತೆ. ‘ಸಿಟಿಸಿ’ ಅನ್ನೋದು ಕಾನೂನಿನ ಪದ ಅಲ್ಲ, ಕಂಪನಿಗಳು ಬಳಕೆಗೆ ತಂದಿರೋ ಪದ. ಆದ್ದರಿಂದ ಹೊಸ ಪತ್ರ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಹೆಚ್ಚಳ ಸಿಟಿಸಿ ಮೇಲೆ ಸೇರಿದೆಯೋ, ಒಳಗಿಂದಲೇ ತೆಗೆದಿದ್ದೋ?

ಪಿಎಫ್ ಬಗ್ಗೆ ವಾಟ್ಸಾಪಿನಲ್ಲಿ ಬಹಳ ಗಾಬರಿ ಹರಡಿತ್ತು, ಟೇಕ್ ಹೋಮ್ ಕುಸಿಯುತ್ತೆ ಅಂತ. ಕಡ್ಡಾಯ ಪಿಎಫ್ ಇರೋದು 2014ರಿಂದ ಇರುವ 15,000 ರೂಪಾಯಿ ವೇತನದ ಮಿತಿಯವರೆಗೆ. ಅದರ ಶೇ. 12 ಅಂದರೆ 1,800. ನಿಮ್ಮ ಪಿಎಫ್ 1,800ಕ್ಕೇ ನಿಂತಿದ್ದರೆ ವ್ಯಾಖ್ಯೆ ಬದಲಾದದ್ದರಿಂದ ಮಾತ್ರಕ್ಕೆ ಟೇಕ್ ಹೋಮ್ ಕಡಿಮೆ ಆಗಬೇಕಾಗಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯವೂ ಇದನ್ನೇ ಹೇಳಿದೆ. 15,000 ಮೀರಿದ ವೇತನದ ಮೇಲೆ ಕಟ್ಟೋದು ಕಂಪನಿ ಮತ್ತು ನಿಮ್ಮ ಒಪ್ಪಿಗೆಯ ವಿಷಯ.

ಇನ್ನೊಂದು ತಪ್ಪು ಸುದ್ದಿ: "ಇನ್ಮೇಲೆ ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚುಟಿ." ಹಾಗಿಲ್ಲ. ನಿಗದಿತ ಅವಧಿಯ ಒಪ್ಪಂದದಲ್ಲಿ, ಅಂದರೆ ಫಿಕ್ಸ್ಡ್ ಟರ್ಮ್‌ನಲ್ಲಿ, ನೇರವಾಗಿ ಕಂಪನಿಯ ನೌಕರರಾಗಿ ಇರುವವರಿಗೆ ಐದು ವರ್ಷದ ಷರತ್ತಿಲ್ಲ. ಒಂದು ವರ್ಷ ಮುಗಿಸಿದರೆ ದುಡಿದಷ್ಟು ಅವಧಿಗೆ ಸಿಗುತ್ತೆ. ಪರ್ಮನೆಂಟ್ ಇರುವವರಿಗೆ ಐದು ವರ್ಷ ಹಾಗೇ ಇದೆ. ಯಾರಾದರೂ ಮೂರನೇ ವರ್ಷಕ್ಕೆ ಗ್ರಾಚುಟಿ ನಂಬಿಕೊಂಡು ರಾಜೀನಾಮೆ ಬರೆಯೋಕೆ ಹೊರಟಿದ್ದರೆ ದಯವಿಟ್ಟು ನಿಲ್ಲಿಸಿ.

ಎರಡು ಕೆಲಸದ ದಿನ

ಈಗ ನನ್ನ ಐವತ್ತೆರಡು ದಿನಕ್ಕೆ ಬರೋಣ.

ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಬರಬೇಕು. ಕೆಲಸದಿಂದ ತೆಗೆದರೂ ಸರಿ, ನೀವೇ ರಾಜೀನಾಮೆ ಕೊಟ್ಟು ಹೊರಟರೂ ಸರಿ, ಕಂಪನಿ ಮುಚ್ಚಿದರೂ ಸರಿ – ಬಾಕಿ ಇರುವ ವೇತನ ಎರಡು ಕೆಲಸದ ದಿನದೊಳಗೆ ಕೈಗೆ ಸೇರಬೇಕು. ಬೇರೆ ಗಡುವು ಇಡುವ ಅಧಿಕಾರ ಸರ್ಕಾರಕ್ಕಿದೆ. ಕಂಪನಿಯ ಪಾಲಿಸಿಗೆ ಆ ಅಧಿಕಾರ ಇಲ್ಲ.

ಹಳೇ ವೇತನ ಪಾವತಿ ಕಾಯ್ದೆ 1936ರದ್ದು. ಅದು ತಿಂಗಳಿಗೆ 24,000 ರೂಪಾಯಿವರೆಗೆ ವೇತನ ಇರುವವರಿಗೆ ಮಾತ್ರ ಅನ್ವಯ ಆಗ್ತಿತ್ತು. ಐಟಿಯಲ್ಲಿ ಸ್ವಲ್ಪ ಅನುಭವ ಆದವರೆಲ್ಲ ಅದರ ಹೊರಗೆ. ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ‘ಎಂಪ್ಲಾಯಿ’ ಅನ್ನೋ ಪದದಲ್ಲಿ ತಾಂತ್ರಿಕ ಕೆಲಸದವರು, ಸೂಪರ್‌ವೈಸರ್, ಮ್ಯಾನೇಜರ್ ಎಲ್ಲರೂ ಬರ್ತಾರೆ. ನನ್ನ ಪ್ರಕಾರ ನಮ್ಮಂಥವರಿಗೆ ಇಡೀ ನಾಲ್ಕು ಕೋಡ್‌ಗಳಲ್ಲಿ ಅತಿ ದೊಡ್ಡ ಬದಲಾವಣೆ ಇದೇ.

ಎರಡು ದಿನದ ಈ ನಿಯಮ ವೇತನಕ್ಕೆ. ಗ್ರಾಚುಟಿಗೆ ಮೂವತ್ತು ದಿನ ಇದೆ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ "ಎಲ್ಲ ಒಟ್ಟಿಗೆ ನಲವತ್ತೈದು ದಿನಕ್ಕೆ ಕೊಡ್ತೀವಿ" ಅಂತ ಅಂದರೆ ಅದು ಸರಿಹೋಗಲ್ಲ. ಆಫರ್ ಲೆಟರಿನಲ್ಲಿ ಬರೆದು ನಿಮ್ಮ ಹತ್ತಿರ ಸಹಿ ಹಾಕಿಸಿಕೊಂಡಿದ್ದರೂ, ಸಂಹಿತೆಯಡಿ ಬರಬೇಕಾದ ಮೊತ್ತವನ್ನ ನೌಕರ ಬಿಟ್ಟುಕೊಡುವ ಯಾವ ಒಪ್ಪಂದಕ್ಕೂ ಆ ಮಟ್ಟಿಗೆ ಬೆಲೆ ಇಲ್ಲ ಅಂತ ಕಾನೂನೇ ಹೇಳುತ್ತೆ.

ಕೊಡದಿದ್ದರೆ? ಸಂಹಿತೆಯಡಿ ನೇಮಿಸಿದ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಮೂರು ವರ್ಷದವರೆಗೆ ಸಮಯ ಇದೆ. ಬಾಕಿ ಮೊತ್ತದ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಮೂರು ತಿಂಗಳಲ್ಲಿ ತೀರ್ಮಾನ ಮಾಡೋಕೆ ಪ್ರಯತ್ನಿಸಬೇಕು ಅಂತಲೂ ಇದೆ.

ಕೊಡುವವರ ಕಡೆಯಿಂದ

ಇದನ್ನ ಬರೀ ನೌಕರರ ಕಣ್ಣಿನಿಂದ ನೋಡಿದರೆ ಅರ್ಧ ಮಾತ್ರ ಕಾಣುತ್ತೆ. ಪುಣೆಯಲ್ಲಿ ಗದಗ ಕಡೆಯ ಗೆಳೆಯನೊಬ್ಬ ಹದಿನಾಲ್ಕು ಜನರ ಸಣ್ಣ ಕಂಪನಿ ನಡೆಸ್ತಾನೆ. ನಾನು ಉತ್ಸಾಹದಲ್ಲಿ ಎರಡು ದಿನದ ವಿಷಯ ಹೇಳಿದಾಗ ಅವನು ನಕ್ಕುಬಿಟ್ಟ.

"ಎರಡ ದಿನದಾಗ ಹ್ಯಾಂಗ ಕೊಡೂದಪಾ? ಮನ್ಯಾಗ ಕುಂತು ಕೆಲಸ ಮಾಡಿದ ಹುಡುಗನ ಲ್ಯಾಪ್‌ಟಾಪ್ ಸುದ್ದಾ ಎರಡ ದಿನದಾಗ ವಾಪಸ್ ಬರೂದಿಲ್ಲ."

ಅವನ ಮಾತಿನಲ್ಲೂ ಅರ್ಥ ಇದೆ. ಆದರೆ ಕೂತು ಮಾತಾಡಿದ ಮೇಲೆ ಅವನೇ ದಾರಿ ಹುಡುಕಿದ. ರಾಜೀನಾಮೆ ಬಂದ ದಿನ ಮತ್ತು ಕೊನೇ ದಿನದ ನಡುವೆ ಹೇಗೂ ನೋಟಿಸ್ ಪೀರಿಯಡ್ ಇದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್, ರಜೆ ಲೆಕ್ಕ, ತೆರಿಗೆ ಪುರಾವೆ ಎಲ್ಲವನ್ನೂ ಕೊನೇ ದಿನದ ನಂತರ ಶುರು ಮಾಡುವ ಬದಲು ಕೊನೇ ವಾರದಲ್ಲೇ ಮುಗಿಸಬಹುದು. ತಿಂಗಳ ಪೇರೋಲ್‌ಗೆ ಕಾಯದೆ ಮಧ್ಯದಲ್ಲೇ ಒಬ್ಬರಿಗೆ ದುಡ್ಡು ಹಾಕುವ ವ್ಯವಸ್ಥೆಯನ್ನ ಅವನ ಅಕೌಂಟೆಂಟ್ ಮಾಡಿಕೊಟ್ಟರು.

ಅವನಿಗೆ ನಿಜವಾಗಿ ತಟ್ಟಿದ್ದು ಗ್ರಾಚುಟಿ. ಹತ್ತು ಜನ ಇದ್ದರೆ ಸಾಕು, ಅದು ಅನ್ವಯ ಆಗುತ್ತೆ. ದೊಡ್ಡ ಕಂಪನಿ ಸಾವಿರ ಕೋಟಿ ಒಂದೇ ಸಲ ಲೆಕ್ಕಕ್ಕೆ ಹಾಕಿ ಮುಂದೆ ಹೋಗುತ್ತೆ. ಹದಿನಾಲ್ಕು ಜನರ ಕಂಪನಿಯಲ್ಲಿ ಐದು ವರ್ಷ ದಾಟಿದ ಮೂವರು ಒಂದೇ ವರ್ಷ ಬಿಟ್ಟರೆ ಆ ವರ್ಷದ ಲಾಭವೇ ಹೋಗಬಹುದು. ಈಗ ಅವನು ಪ್ರತಿ ತಿಂಗಳು ಗ್ರಾಚುಟಿಗೆ ಅಂತ ಬೇರೆ ತೆಗೆದಿಡ್ತಾನೆ. ನಿಮ್ಮಲ್ಲಿ ಸ್ವಂತ ಕಂಪನಿ ಶುರು ಮಾಡೋ ಯೋಚನೆ ಇರುವವರು ಇದನ್ನ ಮೊದಲ ದಿನದಿಂದಲೇ ಮಾಡಿ. ನೇಮಕಾತಿ ಪತ್ರವನ್ನೂ ಮರೀಬೇಡಿ. ಈಗ ಪ್ರತಿ ನೌಕರರಿಗೂ ಅದನ್ನ ಕೊಡಲೇಬೇಕು. ಮೊದಲಿಂದ ಇದ್ದು ಪತ್ರ ಸಿಗದವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳಲ್ಲಿ ಕೊಡಬೇಕು.

ಯಾವ ಸರ್ಕಾರ, ಯಾವ ಪದ

ಹೊರರಾಜ್ಯದಲ್ಲಿ ಇರುವವರು ಎರಡು ವಿಷಯ ಗಮನಿಸಬೇಕು.

ಒಂದು, ವೇತನ ಸಂಹಿತೆಯ ಮಟ್ಟಿಗೆ ಖಾಸಗಿ ಐಟಿ ಕಂಪನಿಗೆ ಸಂಬಂಧಪಟ್ಟ ಸರ್ಕಾರ ಅಂದರೆ ರಾಜ್ಯ ಸರ್ಕಾರ. ಹಿಂಜವಡಿಯಲ್ಲಿ ಕೂತು ಕೆಲಸ ಮಾಡೋರು ಮಹಾರಾಷ್ಟ್ರದ ನಿಯಮ ನೋಡಬೇಕು, ಮಾಧಾಪುರದವರು ತೆಲಂಗಾಣದ್ದು, ಚೆನ್ನೈನ ಓಎಂಆರ್‌ನವರು ತಮಿಳುನಾಡಿನದ್ದು. ಕಂಪನಿಯ ಹೆಡ್ ಆಫೀಸ್ ಬೆಂಗಳೂರಿನಲ್ಲಿದೆ ಅಂತ ಕರ್ನಾಟಕದ ನಿಯಮ ಹಿಡಿದು ಹೋಗಬೇಡಿ. ಯಾವ ಫಾರಂ, ಯಾವ ಅಧಿಕಾರಿ ಅನ್ನೋದು ಅಲ್ಲಿನ ಕಾರ್ಮಿಕ ಇಲಾಖೆಯದ್ದು.

ಎರಡು, ‘ಎಂಪ್ಲಾಯಿ’ ಬೇರೆ, ‘ವರ್ಕರ್’ ಬೇರೆ. ವೇತನ, ಗ್ರಾಚುಟಿ ಎಂಪ್ಲಾಯಿಗಳಿಗೆಲ್ಲ. ಆದರೆ ಲೇಆಫ್ ಆದಾಗಿನ ರಕ್ಷಣೆ, ಅಂದರೆ ಛಾಂಟಿ ಪರಿಹಾರ, ಹೊಸ ಕೌಶಲ ಕಲಿಯೋಕೆ ಅಂತ ಸಿಗುವ ಹದಿನೈದು ದಿನದ ವೇತನ, ಇವು ‘ವರ್ಕರ್’ಗೆ. ಮ್ಯಾನೇಜರ್ ಕೆಲಸದವರು, 18,000ಕ್ಕಿಂತ ಜಾಸ್ತಿ ಪಡೆಯುವ ಸೂಪರ್‌ವೈಸರ್‌ಗಳು ಅದರಲ್ಲಿ ಬರಲ್ಲ. ಹಾಗಂತ ಕಾರ್ಡಿನ ಮೇಲೆ ‘ಲೀಡ್’ ಅಂತ ಇದ್ದ ಮಾತ್ರಕ್ಕೆ ನೀವು ಹೊರಗೆ ಅಂತಲ್ಲ. ನೀವು ನಿಜವಾಗಿ ದಿನಾ ಮಾಡೋ ಕೆಲಸ ಏನು ಅನ್ನೋದನ್ನೇ ಕೋರ್ಟುಗಳು ಹಿಂದಿನಿಂದ ನೋಡ್ತಾ ಬಂದಿರೋದು.

ಈ ವಾರ ಮಾಡಬೇಕಾದ್ದು

2025ರ ಅಕ್ಟೋಬರ್ ತಿಂಗಳ ಪೇಸ್ಲಿಪ್ ಮತ್ತು ಈಗಿನ ಪೇಸ್ಲಿಪ್ ಎರಡನ್ನೂ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ನಲ್ಲಿ ಇಟ್ಟುಕೊಳ್ಳಿ. ಕೆಲಸ ಹೋದ ದಿನ ಆಫೀಸಿನ ಪೋರ್ಟಲ್ ತೆರೆಯಲ್ಲ. ನೇಮಕಾತಿ ಪತ್ರ, ಎಲ್ಲ ಇನ್ಕ್ರಿಮೆಂಟ್ ಪತ್ರಗಳನ್ನೂ ಅದರ ಜೊತೆಗಿಡಿ.

ಆಮೇಲೆ ಎಚ್‌ಆರ್‌ಗೆ ಒಂದು ಸಣ್ಣ ಮೇಲ್ ಬರೆಯಿರಿ. ಜಗಳದ ಧಾಟಿ ಬೇಡ. ವೇತನ ಸಂಹಿತೆಯ ಪ್ರಕಾರ ನನ್ನ ತಿಂಗಳ ವೇತನ ಎಷ್ಟು ಅಂತ ಲೆಕ್ಕ ಹಾಕಿದ್ದೀರಿ, ಸ್ಪೆಷಲ್ ಅಲೊವನ್ಸನ್ನ ಅದರಲ್ಲಿ ಸೇರಿಸಿದ್ದೀರಾ, ಗ್ರಾಚುಟಿಯ ಹೆಚ್ಚಳ ಸಿಟಿಸಿ ಒಳಗೋ ಹೊರಗೋ – ಈ ಮೂರು ಪ್ರಶ್ನೆ ಸಾಕು. ಉತ್ತರ ಬರವಣಿಗೆಯಲ್ಲಿ ಬರಲಿ. ಕೆಲಸದಲ್ಲಿ ಇರುವಾಗ ಈ ಮೇಲ್ ಕಳಿಸೋದು ಸುಲಭ. ಕೊನೇ ದಿನ ಆದ ಮೇಲೆ ನಾನು ಬರೆದ ಥರದ ‘ದಯವಿಟ್ಟು’ ಮೇಲ್‌ಗಳೇ ಗತಿ.

ಭಾವನ ದುಡ್ಡನ್ನ ನಾನು ಆಗಲೇ ವಾಪಸ್ ಕೊಟ್ಟೆ. ಅವರು ಒಂದು ದಿನವೂ ಅದನ್ನ ಎತ್ತಿ ಆಡಿಲ್ಲ. ಆದರೂ ಹಬ್ಬಕ್ಕೆ ಊರಿಗೆ ಹೋದಾಗ "ಹೊಸ ಕಂಪನ್ಯಾಗ ಪಗಾರ ಬರೋಬ್ಬರಿ ಬರ್ತದಲ್ಲಾ?" ಅಂತ ಕೇಳ್ತಾರೆ. ನಿಮಗೆ ಯಾರೂ ಹಾಗೆ ಕೇಳುವ ಪರಿಸ್ಥಿತಿ ಬರದಿರಲಿ. ಪೇಸ್ಲಿಪ್ ತೆಗೆಯಿರಿ, ಲೆಕ್ಕ ಹಾಕಿ. ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.